ಮಾರಿದ ಮೇಲೂ ಮುಗಿಯದ ಹೊಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಮನೆಗೊಂದು ನಾಯಿ ಬೇಕು ಎಂದು ತೀರ್ಮಾನಿಸಿದವರ ಮುಂದೆ ಇವತ್ತು ಎರಡು ದಾರಿಗಳಿವೆ. ಬ್ರೀಡರ್ ಹತ್ತಿರ ಹೋಗಿ ದುಡ್ಡು ಕೊಟ್ಟು ಜಾತಿ ನಾಯಿಯ ಮರಿ ತರಬಹುದು. ಇಲ್ಲವೇ ಶೆಲ್ಟರಿಗೆ ಹೋಗಿ, ಬೀದಿಯಲ್ಲಿ ಹುಟ್ಟಿದ್ದನ್ನೋ ಯಾರೋ ಸಾಕಿ ಕೈಬಿಟ್ಟದ್ದನ್ನೋ ದತ್ತು ತರಬಹುದು. ಹಿಂದೆ ನಮ್ಮ ಊರುಗಳಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ನಾಯಿ ತಾನಾಗಿ ಬಂದು ಹಟ್ಟಿ ಸೇರಿಕೊಳ್ಳುತ್ತಿತ್ತು, ಅಥವಾ ಪಕ್ಕದ ಮನೆಯ ನಾಯಿ ಮರಿ ಹಾಕಿದಾಗ ಒಂದನ್ನು ಕೇಳಿ ತರುತ್ತಿದ್ದೆವು. ಈಗ ಪೇಟೆಯಲ್ಲಿ ಇದೊಂದು ದೊಡ್ಡ ಜಗಳವಾಗಿದೆ. ಮರಿ ಕೊಂಡವರನ್ನು ಕರುಣೆಯಿಲ್ಲದವರು ಎನ್ನುವವರಿದ್ದಾರೆ. ದತ್ತು ತನ್ನಿ ಎಂದವರನ್ನು ತಳಿಯ ಬೆಲೆ ಗೊತ್ತಿಲ್ಲದವರು ಎಂದು ತಳ್ಳಿಹಾಕುವವರೂ ಇದ್ದಾರೆ.

ನಾನು ಪಶುವೈದ್ಯ. ಎರಡೂ ಕಡೆಯ ನಾಯಿಗಳು ನನ್ನ ಮೇಜಿನ ಮೇಲೆ ಮಲಗಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಜೊತೆಗಿರಲು ನಾಯಿ ಬೇಕೆನ್ನುವ ಬಹುಪಾಲು ಜನ ದತ್ತು ತರಬೇಕು. ತಳಿ ಸಾಕುವ ಕೆಲಸ ಉಳಿಯಬೇಕು, ಆದರೆ ಇವತ್ತು ನಡೆಯುತ್ತಿರುವ ರೀತಿಯಲ್ಲಿ ಉಳಿಯಬಾರದು. ಮರಿ ಹುಟ್ಟಿಸಿದವರು ಆ ಮರಿಯ ಹೊಣೆಯನ್ನು ಅದು ಸಾಯುವವರೆಗೆ ಹೊರಬೇಕು. ಇಷ್ಟನ್ನು ಹೇಳಲೆಂದೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ತಳಿ ಸಾಕುವವರ ಪರವಾದ ವಾದ ಹಗುರವಾದದ್ದಲ್ಲ. ಅದನ್ನು ಅರ್ಥಮಾಡಿಕೊಳ್ಳಲು ನಾವು ಲಂಡನ್ನಿಗೆ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ, ರನ್ನನ ಊರಿಗೆ ಹೋದರೆ ಸಾಕು. ಉದ್ದ ಮುಖ, ಆಳವಾದ ಎದೆ, ಬೆನ್ನಿಗೆ ಹತ್ತಿಕೊಂಡಂತಿರುವ ಹೊಟ್ಟೆ, ಸಣಕಲು ಕಾಲು. ಹೊಸದಾಗಿ ನೋಡಿದವರು ಇದಕ್ಕೆ ಊಟ ಹಾಕುತ್ತಾರೋ ಇಲ್ಲವೋ ಎಂದು ಅನುಮಾನಪಡುತ್ತಾರೆ. ಮುಧೋಳ ನಾಯಿ ಇರುವುದೇ ಹಾಗೆ. ಮೂಸಿ ಹುಡುಕುವ ಬೇಟೆನಾಯಿಗಳ ಪೈಕಿ ಅದಲ್ಲ. ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ನಾಯಿ. ಬಯಲುಸೀಮೆಯ ಎರೆಹೊಲಗಳಲ್ಲಿ ಮೊಲದ ಹಿಂದೆ ಓಡಲು ಬೇಕಾದ ದೇಹ ಅದು. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಕಡೆಯಿಂದ ವರ್ತಕರು, ಸೈನಿಕರ ಜೊತೆ ಬಂದ ಓಟದ ನಾಯಿಗಳು ಇಲ್ಲಿಯ ನಾಯಿಗಳೊಂದಿಗೆ ಬೆರೆತು ಈ ತಳಿ ಆಯಿತು ಎನ್ನುತ್ತಾರೆ. ಕಾರವಾನಿ ಎಂಬ ಹೆಸರೂ ಅದಕ್ಕಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಅದನ್ನು ಪ್ರೀತಿಯಿಂದ ಬೆಳೆಸಿದರು. ಐದನೇ ಜಾರ್ಜ್ ದೊರೆಗೆ ಅವರು ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದೂ, ಮುಧೋಳದ ಹೆಸರು ನಾಯಿಗೆ ಅಂಟಿದ್ದು ಅಲ್ಲಿಂದಲೇ ಎಂದೂ ಆ ಭಾಗದ ಜನ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಈ ತಳಿಯನ್ನು ಉಳಿಸಿದವರು ಅರಮನೆಯವರಷ್ಟೇ ಅಲ್ಲ, ಹಳ್ಳಿಯ ರೈತರು, ಕುರಿಗಾರರು, ಬೇಡ ನಾಯಕರು. ಅವರ ಬಳಿ ವಂಶಾವಳಿಯ ಪುಸ್ತಕ ಇರಲಿಲ್ಲ. ಯಾವ ನಾಯಿ ಹೆಚ್ಚು ಓಡಿತು, ಯಾವುದು ಬೇಸಿಗೆಗೆ ಬಗ್ಗಲಿಲ್ಲ, ಯಾವುದು ಯಜಮಾನನ ಮಾತು ಕೇಳಿತು ಎಂದು ನೋಡಿ ಜೋಡಿ ಮಾಡಿಸುತ್ತಿದ್ದರು. ಓಡಲಾಗದ್ದು, ಉಸಿರಿಗೆ ಕಷ್ಟಪಡುವುದು ಆ ಆಯ್ಕೆಯಲ್ಲಿ ಉಳಿಯುತ್ತಲೇ ಇರಲಿಲ್ಲ. ತಲೆಮಾರುಗಳ ಈ ಜ್ಞಾನವನ್ನು ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಪಂಜರ ಜೋಡಿಸಿಕೊಂಡು ಮರಿ ಉತ್ಪಾದಿಸುವವನ ದಂಧೆಯ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ದತ್ತಿನ ಪರವಾಗಿರುವ ಗೆಳೆಯರು ‘ತಳಿ ಸಾಕುವುದೆಲ್ಲ ಕ್ರೌರ್ಯ’ ಎಂದು ಒಂದೇ ಉಸಿರಿನಲ್ಲಿ ಹೇಳಿದಾಗ ಮುಧೋಳದ ರೈತನ ಮುಖ ನನ್ನ ಕಣ್ಣ ಮುಂದೆ ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಅದು ಆಗಬೇಕಾಗಿದ್ದೇ. ಆದರೆ ಅಲ್ಲಿಗೆ ಮುಧೋಳ ನಾಯಿಯ ಮೂಲ ಕೆಲಸ ಹೋಯಿತು. ಕೆಲಸ ಹೋದ ತಳಿ ಮೆಲ್ಲಗೆ ಕರಗುತ್ತದೆ. ಸಿಕ್ಕಸಿಕ್ಕದ್ದರ ಜೊತೆ ಬೆರೆಯುತ್ತದೆ, ಇಲ್ಲವೇ ಯಾರಿಗೂ ಬೇಡವಾಗುತ್ತದೆ. ಹಾಗಾಗಬಾರದೆಂದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ತೆರೆಯಿತು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತ್ತು. 2016ರಲ್ಲಿ ತಿಮ್ಮಾಪುರದ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ದೇಸಿ ತಳಿಗಳನ್ನು ಸಾಕಿ ಎಂದು ಕರೆ ಕೊಟ್ಟಾಗ ಮುಧೋಳದ ಹೆಸರನ್ನೂ ಹೇಳಿದರು. ಮರುದಿನದಿಂದಲೇ ದೇಶದ ಎಲ್ಲ ಕಡೆಯಿಂದ ಮರಿಗಾಗಿ ವಿಚಾರಣೆ ಶುರುವಾಯಿತು.

ಆ ಬೇಡಿಕೆಯನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಜೊತೆಗೇ ಹೆದರಿಕೆಯೂ ಆಯಿತು. ಮುಧೋಳ ನಾಯಿ ಬಯಲಿನ ಪ್ರಾಣಿ. ದಿನಕ್ಕೆರಡು ಸಲ ಮೈದಣಿಯೆ ಓಡದಿದ್ದರೆ ಅದರ ಮನಸ್ಸು ಕೆಡುತ್ತದೆ. ಹೊಸಬರ ಹತ್ತಿರ ಸುಲಭವಾಗಿ ಸೇರುವುದಿಲ್ಲ. ಎದುರಿಗೆ ಬೆಕ್ಕೋ ಮೊಲವೋ ಓಡಿದರೆ ಯಾರ ಕೂಗೂ ಅದರ ಕಿವಿಗೆ ಬೀಳುವುದಿಲ್ಲ. ಇಂಥ ನಾಯಿಯನ್ನು ದೇಶಾಭಿಮಾನದ ಹೆಸರಿನಲ್ಲಿ ಏಳನೇ ಮಹಡಿಯ ಎರಡು ಕೋಣೆಯ ಮನೆಗೆ ತಂದರೆ, ಅದು ಸೋಫಾ ಹರಿಯುತ್ತದೆ, ಹಗಲಿಡೀ ಕೂಗುತ್ತದೆ, ಕೊನೆಗೊಂದು ದಿನ ಶೆಲ್ಟರಿನ ಬಾಗಿಲಿಗೆ ಬರುತ್ತದೆ. ವಿದೇಶಿ ತಳಿಗಳಿಗೆ ಆದದ್ದು ನಮ್ಮ ತಳಿಗೂ ಆಗುತ್ತದೆ. ದೇಸಿ ಎಂಬ ಮಾತ್ರಕ್ಕೆ ನಾಯಿ ಸುಖವಾಗಿರುವುದಿಲ್ಲ.

ವಿದೇಶಿ ತಳಿಗಳಿಗೆ ಏನಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇವತ್ತು ನಾವು ತಳಿ ಎಂದು ಕರೆಯುವ ವ್ಯವಸ್ಥೆ ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ್ದು. 1859ರಲ್ಲಿ ನ್ಯೂಕಾಸಲ್‌ನಲ್ಲಿ ನಾಯಿ ಪ್ರದರ್ಶನ ನಡೆಯಿತು; 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಅಲ್ಲಿಂದ ಮುಂದೆ ನಾಯಿಯನ್ನು ಅದರ ಕೆಲಸ ನೋಡಿ ಆರಿಸುವ ಬದಲು ರೂಪ ನೋಡಿ ಆರಿಸತೊಡಗಿದರು. ಒಂದು ತಳಿಯ ದಾಖಲೆ ಪುಸ್ತಕವನ್ನು ಒಮ್ಮೆ ಮುಚ್ಚಿದ ಮೇಲೆ ಹೊರಗಿನ ರಕ್ತ ಒಳಗೆ ಬರುವಂತಿಲ್ಲ. ಬಹುಮಾನ ಗೆದ್ದ ಒಂದು ಗಂಡು ನಾಯಿಗೆ ನೂರಾರು ಮರಿಗಳು, ಆ ಮರಿಗಳು ತಮ್ಮತಮ್ಮಲ್ಲೇ ಕೂಡಿ ಇನ್ನಷ್ಟು ಮರಿಗಳು. ಒಳಸಂತಾನದಲ್ಲಿ ಅಡಗಿದ್ದ ದೋಷಗಳು ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾದವು.

ಪಗ್ ನಾಯಿಯನ್ನು ತೆಗೆದುಕೊಳ್ಳಿ. ಅದರ ಮುಖವನ್ನು ಚಪ್ಪಟೆ ಮಾಡುತ್ತಾ ಬಂದರು. ಮೂಳೆ ಗಿಡ್ಡವಾಯಿತು, ಬಾಯೊಳಗಿನ ಮೃದು ಅಂಗುಳ ಮಾತ್ರ ಅಷ್ಟೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಅದು ಗಂಟಲ ದಾರಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆ ಸಣ್ಣ ಸೀಳಿನಷ್ಟು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಏದುಸಿರು ಬಿಟ್ಟೇ ಮೈಯ ಬಿಸಿ ಇಳಿಸಿಕೊಳ್ಳಬೇಕು. ಉಸಿರಾಡುವುದೇ ಕಷ್ಟವಾದ ನಾಯಿ ಕಲಬುರಗಿಯ ಮೇ ತಿಂಗಳನ್ನು ಹೇಗೆ ಕಳೆಯಬೇಕು? ಅದು ಗೊರಕೆ ಹೊಡೆಯುವುದನ್ನು ನೋಡಿ ಮನೆಯವರು ಮುದ್ದು ಮಾಡುತ್ತಾರೆ. ಆ ಗೊರಕೆ ಗಾಳಿಗಾಗಿ ನಡೆಯುವ ಹೋರಾಟ. ಬುಲ್‌ಡಾಗ್‌ಗಳದು ಇನ್ನೊಂದು ಸಂಕಟ. ಮರಿಯ ತಲೆ ದೊಡ್ಡದು, ತಾಯಿಯ ಕಟಿ ಸಣ್ಣದು. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬುಲ್‌ಡಾಗ್ ಮತ್ತು ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸೂಲುಗಳು ಹೊಟ್ಟೆ ಕೊಯ್ದೇ ಆಗುತ್ತವೆ. ತಾನಾಗಿ ಮರಿ ಹಾಕಲಾರದ ಪ್ರಾಣಿಯನ್ನು ನಾವು ನಿರ್ಮಿಸಿ, ಅದಕ್ಕೆ ಹೆಚ್ಚಿನ ಬೆಲೆ ಕಟ್ಟಿದ್ದೇವೆ. ನಾರ್ವೆಯಲ್ಲಿ ಈ ವಿಷಯ ಕೋರ್ಟಿಗೆ ಹೋಯಿತು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಎಂಬ ತಳಿಯನ್ನು ಈಗಿನ ರೀತಿಯಲ್ಲಿ ಬೆಳೆಸುವುದು ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ಸಾಕಿದವರ ಪ್ರೀತಿ ದೊಡ್ಡದಿರಬಹುದು. ಹುಟ್ಟುವಾಗಲೇ ನೋವು ಕೊಟ್ಟು ಹುಟ್ಟಿಸಿದ್ದಕ್ಕೆ ಅದು ಪರಿಹಾರವಲ್ಲ ಎಂಬ ಮಾತು ಕಾನೂನಿನ ಭಾಷೆಯಲ್ಲಿ ಬಂದದ್ದನ್ನು ಓದಿ ನನಗೆ ಸಮಾಧಾನವಾಯಿತು.

ನಮ್ಮ ದೇಶದಲ್ಲಿ ತಳಿಯ ಗೀಳು ಜಾಹೀರಾತಿನ ಬೆನ್ನು ಹತ್ತಿ ಬಂತು. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆಯುವ ಪಗ್ ಬಂದಿತು. ನಿಮ್ಮಲ್ಲಿ ಬಹಳ ಜನರಿಗೆ ನೆನಪಿರುತ್ತದೆ. ಆಮೇಲೆ ಪಗ್ ಮರಿಗೆ ಎಲ್ಲಿಲ್ಲದ ಬೇಡಿಕೆ. ಕೆಲವು ವರ್ಷಗಳ ನಂತರ ಟೀವಿ ಸರಣಿಗಳ ತೋಳಗಳನ್ನು ನೋಡಿದವರಿಗೆ ಸೈಬೀರಿಯನ್ ಹಸ್ಕಿ ಬೇಕಾಯಿತು. ಹಿಮದ ಮೇಲೆ ಗಾಡಿ ಎಳೆಯಲು ಎರಡು ಪದರ ತುಪ್ಪಳ ಹೊತ್ತು ಹುಟ್ಟಿದ ನಾಯಿ ಬಳ್ಳಾರಿಯ ಬಿಸಿಲಿಗೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಮಾರಾಟಕ್ಕಾಗಿ ನಾಯಿ ಆಮದು ಮಾಡುವುದನ್ನು ನಿರ್ಬಂಧಿಸಿತು. ಒಳ್ಳೆಯ ಹೆಜ್ಜೆ. ಆದರೆ ಅಷ್ಟರಲ್ಲಾಗಲೇ ಬಂದಿದ್ದ ಕೆಲವೇ ನಾಯಿಗಳಿಂದ, ಅಣ್ಣ ತಂಗಿ ಎಂದು ನೋಡದೆ, ಇಲ್ಲಿಯೇ ಮರಿ ತೆಗೆಯುವುದು ಮುಂದುವರಿಯಿತು.

ಈ ಕಥೆಯನ್ನು ಕನ್ನಡದ ಸಾಮಾನ್ಯ ಪ್ರೇಕ್ಷಕನಿಗೆ ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಮುಟ್ಟಿಸಿದ್ದು ಒಂದು ಸಿನಿಮಾ. 2022ರಲ್ಲಿ ಬಂದ ಕಿರಣ್‌ರಾಜ್ ಅವರ ‘777 ಚಾರ್ಲಿ’. ಕ್ರೂರಿಯಾದ ಬ್ರೀಡರ್ ಒಬ್ಬನ ಮನೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಅದರ ನಾಯಕಿ. ನಂತರ ಅವಳಿಗೆ ಕ್ಯಾನ್ಸರ್ ಇರುವುದು ತಿಳಿಯುತ್ತದೆ. ಅದಕ್ಕೆ ಕಾರಣ ಒಳಸಂತಾನ ಎಂದು ವೈದ್ಯರು ಹೇಳುವ ಮಾತು ಆ ಚಿತ್ರದ ತಿರುಳು. ಥಿಯೇಟರಿನಲ್ಲಿ ಜನ ಬಿಕ್ಕಿಬಿಕ್ಕಿ ಅತ್ತರು. ಆಗಿನ ಮುಖ್ಯಮಂತ್ರಿಗಳೂ ಕಣ್ಣೀರು ಹಾಕಿದ್ದು ಪತ್ರಿಕೆಗಳಲ್ಲಿ ಬಂತು. ಅತ್ತವರ ಪೈಕಿ ಎಷ್ಟೋ ಜನ ಚಾರ್ಲಿಯಂಥದೇ ಮರಿ ಎಲ್ಲಿ ಸಿಗುತ್ತದೆ ಎಂದು ನನ್ನಂಥವರನ್ನು ಕೇಳಿದರು. ಅವರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಚಾರ್ಲಿಯ ತಾಯಿ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂಬ ಪ್ರಶ್ನೆ ಅವರಲ್ಲಿ ಯಾರಿಗೂ ಹುಟ್ಟಲಿಲ್ಲ.

ಆ ತಾಯಿಯ ಬಗ್ಗೆ ಹೇಳುತ್ತೇನೆ. ಪೇಟೆಯ ಅಂಗಡಿಯಲ್ಲಿ, ಮೊಬೈಲಿನ ಚಿತ್ರದಲ್ಲಿ ನೀವು ನೋಡುವುದು ಮರಿಯನ್ನು. ತಾಯಿ ಎಲ್ಲೋ ಊರ ಹೊರಗಿನ ತಗಡಿನ ಶೆಡ್ಡಿನಲ್ಲಿರುತ್ತಾಳೆ. ಬೆದೆಗೆ ಬಂದಾಗಲೆಲ್ಲ ಕ್ರಾಸ್ ಮಾಡಿಸುತ್ತಾರೆ. ಮರಿಗಳನ್ನು ನಾಲ್ಕು ಐದು ವಾರಕ್ಕೇ ಕಿತ್ತು ಮಾರುತ್ತಾರೆ, ಏಕೆಂದರೆ ಮರಿ ಸಣ್ಣದಿದ್ದಷ್ಟೂ ಕೊಳ್ಳುವವರಿಗೆ ಮುದ್ದು. ಇಂಥ ತಾಯಂದಿರನ್ನು ಕೆಲಸ ಮುಗಿದ ಮೇಲೆ ರಸ್ತೆಗೆ ಬಿಟ್ಟಾಗ ಯಾರಾದರೂ ಕರುಣೆಯಿಂದ ನಮ್ಮ ಬಳಿ ತರುತ್ತಾರೆ. ಜೋತುಬಿದ್ದ ಮೊಲೆ, ಉದುರಿದ ಕೂದಲು, ಸಿಮೆಂಟಿನ ನೆಲಕ್ಕೆ ಉಜ್ಜಿ ಕಪ್ಪುಗಟ್ಟಿದ ಮೊಣಕೈ, ಕೀವು ತುಂಬಿದ ಗರ್ಭಕೋಶ. ಹುಲ್ಲಿನ ಮೇಲೆ ನಿಲ್ಲಿಸಿದರೆ ಕಾಲೆತ್ತಿ ನಡುಗುತ್ತವೆ. ಅವು ಹುಲ್ಲನ್ನು ತುಳಿದೇ ಇರುವುದಿಲ್ಲ.

ಮರಿ ತಾಯಿಯ ಜೊತೆ ಎಂಟು ವಾರ ಇರಬೇಕು ಎಂಬುದು ಭಾವುಕತೆಯ ಮಾತಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಾನುಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಕೆಲಸದಿಂದ ನಮಗೆ ಇದು ಗೊತ್ತಿದೆ. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಅವಧಿಯಲ್ಲಿ ನಾಯಿಮರಿ ಜಗತ್ತನ್ನು ಕಲಿಯುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದನ್ನು ಒಡಹುಟ್ಟಿದವರ ಜೊತೆ ಆಡಿಯೇ ಕಲಿಯಬೇಕು. ಬೇಗ ಬೇರ್ಪಡಿಸಿದ ಮರಿ ಆ ಪಾಠ ತಪ್ಪಿಸಿಕೊಂಡು ಬೆಳೆಯುತ್ತದೆ. ಒಂದೂವರೆ ವರ್ಷದ ಮೇಲೆ ಮನೆಯ ಮಗುವಿಗೆ ಬಾಯಿ ಹಾಕಿದಾಗ ‘ಈ ತಳಿಯೇ ಹೀಗೆ’ ಎನ್ನುತ್ತೇವೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ನಿಷೇಧಿಸಲು ಹೊರಟಾಗಲೂ ನಡೆದದ್ದು ಇದೇ. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಆ ಸುತ್ತೋಲೆಯನ್ನು ನಮ್ಮ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ತಳಿಯ ಹೆಸರನ್ನು ನಿಷೇಧಿಸುವುದು ಸುಲಭ. ಆ ನಾಯಿಯನ್ನು ಹುಟ್ಟಿಸಿ, ಕಟ್ಟಿಹಾಕಿ, ಹೆದರಿಸಿ ಬೆಳೆಸಿದವನ ಬಾಗಿಲು ತಟ್ಟುವುದು ಕಷ್ಟ.

ಕಾನೂನು ಇಲ್ಲವೆಂದಲ್ಲ. 2015ರ ಕಾನೂನು ಆಯೋಗದ ವರದಿಯ ನಂತರ, 2017ರ ಮೇ ತಿಂಗಳಲ್ಲಿ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳು ಬಂದವು. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ತೆಗೆಯುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಇಡೀ ಜೀವಮಾನಕ್ಕೆ ಐದು. ಎಂಟು ವಾರ ತುಂಬದ ಮರಿಯನ್ನು ಮಾರುವುದು ಅಪರಾಧ. ಮಾರುವ ಮೊದಲು ಲಸಿಕೆ, ಮೈಕ್ರೋಚಿಪ್, ದಾಖಲೆ. ಓದಿದರೆ ಕಣ್ಣಿಗೊತ್ತಿಕೊಳ್ಳುವಂಥ ನಿಯಮಗಳು. ನಿಮ್ಮಲ್ಲಿ ಮರಿ ಕೊಂಡವರು ಯಾರಾದರೂ ಆ ನೋಂದಣಿ ಸಂಖ್ಯೆಯನ್ನು ಕೇಳಿದ್ದೀರಾ? ನನ್ನ ಬಳಿ ಮೊದಲ ಲಸಿಕೆಗೆ ಬರುವವರನ್ನು ನಾನು ಕೇಳುತ್ತೇನೆ. ಕೆನಲ್ ಕ್ಲಬ್ಬಿನ ಪೇಪರ್ ಇದೆ ಎನ್ನುತ್ತಾರೆ. ಅದು ಅಪ್ಪ ಅಮ್ಮನ ಹೆಸರು ಹೇಳುವ ಕಾಗದ, ಸರ್ಕಾರದ ಪರವಾನಗಿ ಅಲ್ಲ.

ಇನ್ನು ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕಾಯ್ದೆ ಬಂದ ಕಾಲಕ್ಕೆ ಐವತ್ತು ರೂಪಾಯಿ ದೊಡ್ಡ ಮೊತ್ತವೇ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹಾಗೆಯೇ ಬಿಟ್ಟದ್ದು ನಮ್ಮ ಶಾಸನಸಭೆಗಳಿಗೆ ತಕ್ಕುದಲ್ಲ.

ಈ ನಾಡಿನಲ್ಲಿ ನಾಯಿಯ ವಿಷಯದಲ್ಲಿ ಹೊಣೆಯನ್ನು ಕಲ್ಲಿನಲ್ಲಿ ಬರೆಸಿದ ಕಾಲವೊಂದಿತ್ತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳ ರಾಜಾದಿತ್ಯನನ್ನು ಸೋಲಿಸಿದ; ಗಂಗ ಬೂತುಗ ಅವನ ಜೊತೆಗಿದ್ದ. ಬೂತುಗನ ಕಡೆಯ ವೀರ ಮಣಲೇರ ಆ ಯುದ್ಧದಲ್ಲಿ ಮೆರೆದ. ಮೆಚ್ಚಿದ ದೊರೆ ಏನು ಬೇಕೆಂದಾಗ ಮಣಲೇರ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಮುಂದೆ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಭೂಮಿಯನ್ನು ಅನುಭವಿಸುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಬರೆಸಿದ. ಕಾಳಿಯ ತಂದೆ ತಾಯಿ ಯಾವ ತಳಿ ಎಂಬುದು ಆ ಕಲ್ಲಿನಲ್ಲಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ಮುಂದೆ ಯಾರ ಹೊಣೆ ಎಂಬುದೆಲ್ಲ ಇದೆ. ಸಾವಿರದ ಎಪ್ಪತ್ತು ವರ್ಷಗಳ ಹಿಂದಿನ ಸೈನಿಕನೊಬ್ಬನಿಗೆ ಇದ್ದ ಕಾಳಜಿಯನ್ನು ಇವತ್ತು ಮರಿ ಮಾರುವವರಿಂದ ನಿರೀಕ್ಷಿಸುವುದು ದೊಡ್ಡ ಬೇಡಿಕೆಯಲ್ಲ.

ಇಷ್ಟು ಹೇಳಿದ ಮೇಲೆ ದತ್ತಿನ ಬಗ್ಗೆಯೂ ನೇರವಾಗಿ ಮಾತಾಡಬೇಕು. ದತ್ತು ತಂದರೆ ಬೀದಿನಾಯಿಗಳ ಸಮಸ್ಯೆ ಬಗೆಹರಿಯುತ್ತದೆ ಎಂದು ಹೇಳುವುದು ನಿಜವಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ನಡೆದ ಗಣತಿಯ ಅಂದಾಜು 2.79 ಲಕ್ಷ ಬೀದಿನಾಯಿಗಳು. 2019ರಲ್ಲಿ ಅದು 3.10 ಲಕ್ಷ ಇತ್ತು. ಆ ಇಳಿಕೆಗೆ ದತ್ತು ಕಾರಣವಲ್ಲ; ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಈ ನಾಲ್ಕು ವರ್ಷಗಳಲ್ಲಿ ನೂರಕ್ಕೆ 51ರಿಂದ ಸುಮಾರು 72ಕ್ಕೆ ಏರಿತು. ಇಷ್ಟು ನಾಯಿಗಳಿಗೆ ಮನೆ ಹುಡುಕುವುದು ಸಾಧ್ಯವಿಲ್ಲ, ಶೆಲ್ಟರ್ ಕಟ್ಟುವುದೂ ಸಾಧ್ಯವಿಲ್ಲ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ‘ಒಂದು ನಾಯಿ ದತ್ತು ತೆಗೆದುಕೊಳ್ಳಿ’ ಎಂದು ಹೇಳುವ ಮುಖ ನನಗಿಲ್ಲ. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ನಮ್ಮ ದೇಶದಲ್ಲಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಉತ್ತರ ಲಸಿಕೆ ಮತ್ತು ಶಸ್ತ್ರಚಿಕಿತ್ಸೆ. ನಗರಪಾಲಿಕೆಗಳು ಬಿಡದೆ ಮಾಡಬೇಕಾದ ಕೆಲಸ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ಕೊಟ್ಟ ಆದೇಶದಲ್ಲಿ, ಪ್ರಾಣಿಪ್ರಿಯರು ಬೀದಿನಾಯಿಯನ್ನು ದತ್ತು ಪಡೆಯಲು ನಗರಪಾಲಿಕೆಗೆ ಅರ್ಜಿ ಹಾಕಬಹುದು ಎಂದಿದೆ. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದೂ ಇದೆ. ಎರಡನೆಯ ವಾಕ್ಯವನ್ನು ಜನ ಓದಿದ್ದು ಕಡಿಮೆ.

ಹಾಗಾದರೆ ದತ್ತಿನ ಬೆಲೆ ಏನು? ಮೊದಲನೆಯದಾಗಿ ಆ ಒಂದು ನಾಯಿಯ ಬದುಕು. ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನಿಂದ ಬಂದ ಆಕೆ ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿ ಆಶ್ರಯಗಳನ್ನು ಆರಂಭಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ನಮ್ಮ ಊರಿಗೆ ಬಂದು ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಸಂಸ್ಥೆ ಇವತ್ತು ಮನೆಯವರು ಕೈಬಿಟ್ಟ ನಾಯಿಗಳಿಗೆಂದೇ ಬೇರೆ ದತ್ತು ಕೇಂದ್ರ ನಡೆಸುತ್ತಿದೆ. ಅಂಥದ್ದೊಂದು ಕೇಂದ್ರ ಬೇಕಾಗಿದೆ ಎನ್ನುವುದೇ ನಮ್ಮ ಬಗ್ಗೆ ಹೇಳಬೇಕಾದ್ದನ್ನು ಹೇಳುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಹಸ್ಕಿ, ಸೇಂಟ್ ಬರ್ನಾರ್ಡ್: ಒಂದು ಕಾಲದಲ್ಲಿ ಕೈತುಂಬ ದುಡ್ಡು ಕೊಟ್ಟು ತಂದವುಗಳೇ ಶೆಲ್ಟರುಗಳಲ್ಲಿವೆ. ವರ್ಗಾವಣೆ, ಬಾಡಿಗೆ ಮನೆ, ಮಗು ಹುಟ್ಟಿತು, ಕೂದಲು ಉದುರುತ್ತದೆ, ಚರ್ಮರೋಗದ ಖರ್ಚು. ಕಾರಣಗಳು ಇಷ್ಟೇ.

ಎರಡನೆಯದು, ಮತ್ತು ನನಗೆ ಮುಖ್ಯವಾದದ್ದು: ದತ್ತು ಬಂದ ಪ್ರತಿ ನಾಯಿಯೂ ಆ ತಗಡಿನ ಶೆಡ್ಡಿನ ಒಂದು ಮರಿಯ ಮಾರಾಟವನ್ನು ಕಡಿಮೆ ಮಾಡುತ್ತದೆ. ದತ್ತಿನ ನಿಜವಾದ ಶಕ್ತಿ ಇರುವುದು ಅಲ್ಲಿ. ಬೇಡಿಕೆ ಇರುವವರೆಗೆ ಆ ತಾಯಿ ಬೆದೆಗೆ ಬಂದಾಗಲೆಲ್ಲ ಬಸಿರಾಗುತ್ತಾಳೆ. ಕೊಳ್ಳುವವರು ನಿಂತರೆ ಶೆಡ್ಡು ಮುಚ್ಚುತ್ತದೆ. ಫ್ರಾನ್ಸ್ ದೇಶ 2024ರ ಜನವರಿಯಿಂದ ಅಂಗಡಿಗಳಲ್ಲಿ ನಾಯಿ ಬೆಕ್ಕು ಮಾರುವುದನ್ನೇ ನಿಲ್ಲಿಸಿದೆ. ಇಂಗ್ಲೆಂಡಿನಲ್ಲಿ 2020ರಿಂದ ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿಗಳು ಮಾರುವಂತಿಲ್ಲ. ಕೊಳ್ಳುವವರು ಬ್ರೀಡರ್ ಹತ್ತಿರವೇ ಹೋಗಿ ತಾಯಿಯ ಜೊತೆ ಇರುವ ಮರಿಯನ್ನು ನೋಡಿ ತರಬೇಕು, ಇಲ್ಲವೇ ಶೆಲ್ಟರಿನಿಂದ ತರಬೇಕು. ತಾಯಿಯನ್ನು ನೋಡುವುದು ಎಂಬ ಈ ಒಂದು ಶರತ್ತು ನನಗೆ ಬಹಳ ಹಿಡಿಸಿದೆ. ನಮ್ಮಲ್ಲಿ ಹಸು ಕೊಳ್ಳುವ ರೈತ ಕೆಚ್ಚಲು ಮುಟ್ಟಿ ನೋಡದೆ, ಹಲ್ಲು ಎಣಿಸದೆ ಹಗ್ಗ ಹಿಡಿಯುವುದಿಲ್ಲ.

ಶೆಲ್ಟರಿನವರಿಗೂ ಎರಡು ಮಾತು. ನಾಯಿಯ ಸ್ವಭಾವವನ್ನು ಮುಚ್ಚಿಟ್ಟು ದತ್ತು ಕೊಡಬೇಡಿ. ಮಕ್ಕಳನ್ನು ಕಂಡರೆ ಹೆದರುವ ನಾಯಿಯನ್ನು ಮಕ್ಕಳಿರುವ ಮನೆಗೆ ಕಳಿಸಿದರೆ ವಾರದಲ್ಲಿ ವಾಪಸು ಬರುತ್ತದೆ, ಆ ಮನೆಯವರು ಮುಂದೆಂದೂ ದತ್ತಿನ ಹೆಸರೆತ್ತುವುದಿಲ್ಲ. ಹಾಗೆಯೇ ಬಾಡಿಗೆ ಮನೆಯವರು, ಒಂಟಿ ಹುಡುಗ, ಒಂಟಿ ಹುಡುಗಿ ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಡಿ. ನಾನು ಕಂಡ ಅತ್ಯಂತ ನಿಷ್ಠೆಯ ಸಾಕುವವರಲ್ಲಿ ಒಂಟಿ ಬಾಡಿಗೆದಾರರು ಬಹಳ ಜನ. ದತ್ತು ಶಿಬಿರಗಳಲ್ಲಿ ಕೊನೆಗೆ ಉಳಿಯುವುದು ಯಾವಾಗಲೂ ಕಪ್ಪು ಬಣ್ಣದ ಹೆಣ್ಣು ಮರಿ. ಬಿಳಿಯದ್ದು ಬೇಕು, ಗಂಡು ಬೇಕು, ಸ್ವಲ್ಪ ಲ್ಯಾಬ್ ಥರ ಇರಬೇಕು ಎನ್ನುತ್ತಾರೆ ಬಂದವರು. ಹೆಣ್ಣು ನಾಯಿಗೆ ಆರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೆದೆಯ ರಗಳೆಯೂ ಇಲ್ಲ, ಗರ್ಭಕೋಶದ ಸೋಂಕಿನ ಭಯವೂ ಇಲ್ಲ, ಮೊಲೆಗೆಡ್ಡೆಯ ಸಾಧ್ಯತೆಯೂ ತೀರಾ ಕಡಿಮೆ. ಇದನ್ನು ಶಿಬಿರದಲ್ಲಿ ಪಕ್ಕದಲ್ಲಿ ನಿಂತು ಹೇಳುವ ಪಶುವೈದ್ಯರು ಬೇಕು. ಇಲ್ಲಿರುವ ಪಶುವೈದ್ಯಕೀಯ ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಕೊಡಬಹುದು.

ಆದರೂ ತಳಿಯದೇ ಬೇಕು ಎನ್ನುವವರಿಗೆ, ಕುರಿ ಕಾಯುವವರಿಗೆ, ಪೊಲೀಸ್ ಇಲಾಖೆಗೆ, ಸೇನೆಗೆ, ಮುಧೋಳವನ್ನು ಅದರ ಬಯಲಿನಲ್ಲೇ ಉಳಿಸಬೇಕೆಂಬ ಛಲವಿರುವವರಿಗೆ ಒಳ್ಳೆಯ ಬ್ರೀಡರ್ ಬೇಕು. ಒಳ್ಳೆಯವರನ್ನು ಗುರುತಿಸುವುದು ಕಷ್ಟವಲ್ಲ. ಅವರು ತಾಯಿಯನ್ನು ತೋರಿಸುತ್ತಾರೆ. ನಿಮಗೆ ಎಷ್ಟು ಜಾಗ ಇದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಅವರೇ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಕೆಲವೊಮ್ಮೆ ಮರಿ ಕೊಡುವುದಿಲ್ಲ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸಾಕಲು ಆಗದಿದ್ದರೆ ಎಷ್ಟು ವರ್ಷದ ಮೇಲಾದರೂ ನನಗೇ ತಂದುಕೊಡಿ ಎಂದು ಬರೆದುಕೊಡುತ್ತಾರೆ. ಈ ಕೊನೆಯ ಮಾತನ್ನು ಕಾನೂನು ಎಲ್ಲ ಬ್ರೀಡರುಗಳ ಬಾಯಿಂದಲೂ ಹೇಳಿಸಬೇಕೆಂಬುದು ನನ್ನ ಬೇಡಿಕೆ. ಮೈಕ್ರೋಚಿಪ್ಪಿನಲ್ಲಿ ಮಾಲೀಕರ ಹೆಸರಿನ ಜೊತೆ ಹುಟ್ಟಿಸಿದವರ ಹೆಸರೂ ಇರಬೇಕು. ಶೆಲ್ಟರಿಗೆ ಬಂದ ನಾಯಿಯ ಚಿಪ್ ಓದಿದ ಕೂಡಲೇ ಆ ಬ್ರೀಡರಿಗೆ ಕರೆ ಹೋಗಬೇಕು. ಅವನು ಬಂದು ಕರೆದೊಯ್ಯಬೇಕು, ಇಲ್ಲವೇ ಅದರ ಆಹಾರ ಔಷಧಿಯ ಖರ್ಚು ಕಟ್ಟಬೇಕು. ವರ್ಷಕ್ಕೆ ನೂರು ಮರಿ ಮಾರುವವನು ಹತ್ತು ವರ್ಷದಲ್ಲಿ ಸಾವಿರ ನಾಯಿಗಳಿಗೆ ಉತ್ತರದಾಯಿ ಆಗಬೇಕಾದಾಗ, ಎಷ್ಟು ಮರಿ ಹುಟ್ಟಿಸಬೇಕು ಎಂಬ ಲೆಕ್ಕವನ್ನು ಅವನೇ ಹಾಕುತ್ತಾನೆ.

ಇದಕ್ಕಾಗಿ ಹೊಸ ಕಾಯ್ದೆಯವರೆಗೆ ಕಾಯಬೇಕಿಲ್ಲ. ತಿಮ್ಮಾಪುರದ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ. ಅಲ್ಲಿಂದ ಹೊರಗೆ ಹೋಗುವ ಪ್ರತಿ ಮುಧೋಳ ಮರಿಯ ಜೊತೆ ‘ಬೇಡವಾದರೆ ನಮಗೇ ತಂದುಕೊಡಿ’ ಎಂಬ ಒಪ್ಪಂದಪತ್ರ ಕಡ್ಡಾಯವಾಗಲಿ. ವಾಪಸು ಬಂದ ನಾಯಿಗಳಿಗೆಂದು ಅಲ್ಲಿಯೇ ಒಂದು ಓಟದ ಬಯಲು, ಕೆಲವು ಕೊಠಡಿಗಳು ಇರಲಿ. ಸುತ್ತಲಿನ ಹಳ್ಳಿಗಳಲ್ಲಿ ಈ ತಳಿಯನ್ನೇ ನಂಬಿ ಬದುಕುವ ರೈತರನ್ನು ಆ ಒಪ್ಪಂದದೊಳಗೆ ತರಲಿ; ಅವರಿಗೆ ನೋಂದಣಿ ಮಾಡಿಸಿಕೊಟ್ಟು, ಲಸಿಕೆ, ಚಿಪ್‌ಗಳ ಖರ್ಚನ್ನು ಪಶುಪಾಲನಾ ಇಲಾಖೆ ಭರಿಸಲಿ. ಹಾಗೆ ಮಾಡಿದರೆ ರೈತನ ಮರಿಗೆ ದಲ್ಲಾಳಿಯ ಮರಿಗಿಂತ ಹೆಚ್ಚಿನ ನಂಬಿಕೆ ಬರುತ್ತದೆ, ಬೆಲೆಯೂ ಬರುತ್ತದೆ. ಈ ಉಪನ್ಯಾಸದ ನಂತರ ಇದೇ ಕೋರಿಕೆಯ ಮನವಿಯೊಂದನ್ನು ವಿಶ್ವವಿದ್ಯಾಲಯಕ್ಕೂ ಇಲಾಖೆಗೂ ಕಳಿಸಲು ಸಿದ್ಧಮಾಡಿ ತಂದಿದ್ದೇನೆ. ಅದರ ಪ್ರತಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ ಒಪ್ಪಿಗೆಯಾದವರು ಸಹಿ ಹಾಕಿ, ತಿದ್ದಬೇಕೆನಿಸಿದವರು ಅಂಚಿನಲ್ಲಿ ಬರೆಯಿರಿ.